ಹೈಜಂಪ್‌ಗೆ ಹದಿನೈದು ದಿನ ಸಾಲದು

ಅಥ್ಲೆಟಿಕ್ ಕೂಟಕ್ಕೆ ಇನ್ನು ಹದಿನೈದು ದಿನ ಇದೆ ಅನ್ನೋವಾಗ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬೀಳುತ್ತೆ. ಆಸಕ್ತರು ಸಂಜೆ ನಾಲ್ಕೂವರೆಗೆ ಮೈದಾನಕ್ಕೆ ಬರಬೇಕು ಅಂತ. ಹೈಜಂಪ್‌ಗೆ ಹೆಸರು ಕೊಡೋರು ಐದಾರು ಜನ. ಅದರಲ್ಲಿ ಉದ್ದ ಇರೋ ಒಬ್ಬನನ್ನ ಬ್ಯಾಸ್ಕೆಟ್‌ಬಾಲ್ ಟೀಮಿಂದ ಎಳ್ಕೊಂಡು ಬಂದಿರ್ತಾರೆ. ಮೊದಲ ದಿನವೇ ಬಾರ್ ಇಟ್ಟು, ಬಾರ್ ಬೀಳೋವರೆಗೂ ಹಾರೋದು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಹತ್ತು ದಿನ ಆಗೋಷ್ಟರಲ್ಲಿ ಇಬ್ಬರಿಗೆ ಮಂಡಿ ನೋವು, ಒಬ್ಬನಿಗೆ ಹಿಮ್ಮಡಿ ನೋವು. ಉಳಿದವರು ಕೂಟಕ್ಕೆ ಹೋಗಿ, ಮೊದಲ ದಿನ ಹಾರಿದ ಎತ್ತರವನ್ನೇ ಅಲ್ಲೂ ಹಾರಿ, ಕೆಲವರು ಅದಕ್ಕಿಂತ ಕಮ್ಮಿ ಹಾರಿ, ಭಾಗವಹಿಸಿದ ಸರ್ಟಿಫಿಕೇಟ್ ತಗೊಂಡು ಬರ್ತಾರೆ. ವಾಪಸ್ ಬರೋ ಬಸ್ಸಲ್ಲಿ ಒಂದು ಮಾತು ಗ್ಯಾರಂಟಿ: "ಇನ್ನೊಂದು ವಾರ ಪ್ರಾಕ್ಟೀಸ್ ಸಿಕ್ಕಿದ್ರೆ ಹೊಡೆದುಬಿಡ್ತಿದ್ವಿ ಮಗಾ."

ಇಲ್ಲ. ಇದೇ ರೀತಿಯ ಪ್ರಾಕ್ಟೀಸ್ ಇನ್ನೊಂದು ವಾರ ಸಿಕ್ಕಿದ್ರೆ ಇನ್ನೊಬ್ಬನ ಮಂಡಿ ಹೋಗ್ತಿತ್ತು, ಅಷ್ಟೇ.

ಇದು ಯಾವುದೋ ಒಂದು ಕಾಲೇಜಿನ ಕಥೆ ಅಲ್ಲ. ಬೇರೆ ಬೇರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿರೋ ಗೆಳೆಯರನ್ನ ಕೇಳಿದೀನಿ, ಊರು ಬೇರೆ, ಕಥೆ ಒಂದೇ. ನನ್ನ ವಾದ ಇಷ್ಟು: ಹೈಜಂಪ್‌ನಲ್ಲಿ ನಾವು ಹಿಂದೆ ಬೀಳ್ತಿರೋದು ಪ್ರತಿಭೆ ಇಲ್ಲದೆ ಅಲ್ಲ, ದೊಡ್ಡ ಕೋಚ್ ಇಲ್ಲದೆಯೂ ಅಲ್ಲ. ಕಾಗದದ ಮೇಲೆ ಬರೆದಿಟ್ಟ ಒಂದು ಯೋಜನೆ ಇಲ್ಲದೆ. ಹನ್ನೆರಡು ವಾರದ ಯೋಜನೆ, ಎಣಿಸಿ ಹಾರೋ ಜಿಗಿತಗಳು, "ಇವತ್ತಿಗೆ ಸಾಕು" ಅಂತ ಹೇಳೋಕೆ ಒಬ್ಬ ಮನುಷ್ಯ. ಇಷ್ಟನ್ನ ಹೊಂದಿಸೋದು ಯಾವ ಎಂಜಿನಿಯರಿಂಗ್ ಕಾಲೇಜಿಗೂ ಕಷ್ಟ ಅಲ್ಲ. ಪ್ರಾಜೆಕ್ಟಿಗೆ ಟೈಮ್‌ಲೈನ್ ಚಾರ್ಟ್ ಹಾಕೋ ನಮಗೆ ಕಾಲಿಗೊಂದು ಟೈಮ್‌ಲೈನ್ ಹಾಕೋಕೆ ಯಾಕೆ ಆಗಲ್ಲ ಅನ್ನೋದು ನನ್ನ ಪ್ರಶ್ನೆ.

ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಲ್ಲ

ನಾನು ವಿಜಯಪುರದವನು. ಗೋಳಗುಮ್ಮಟದ ವಿಜಯಪುರ ಅಲ್ಲ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಹಳಬರ ಬಾಯಲ್ಲಿ ಇನ್ನೂ ವಡಿಗೇನಹಳ್ಳಿ. ನಮ್ಮೂರಿನ ರೇಷ್ಮೆ ಗೂಡಿನ ಮಾರುಕಟ್ಟೆ ಈ ಭಾಗದವರಿಗೆಲ್ಲ ಗೊತ್ತು. ಸುತ್ತಮುತ್ತಲ ಹಳ್ಳಿಗಳಲ್ಲಿ ಹುಳ ಸಾಕೋ ಮನೆಗೆ ಹೋಗಿ ನೋಡಿ, ಟ್ರೈನಿಂಗ್ ಪ್ಲಾನ್ ಅಂದ್ರೇನು ಅಂತ ಅಲ್ಲೇ ಗೊತ್ತಾಗುತ್ತೆ. ಚಾಕಿ ಹುಳಕ್ಕೆ ಎಳೇ ಸೊಪ್ಪನ್ನ ಸಣ್ಣಗೆ ಹೆಚ್ಚಿ ಹಾಕ್ತಾರೆ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಅಂದ್ರೆ ತಿನ್ನೋದು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂತು, ಹಳೇ ಚರ್ಮ ಕಳಚುತ್ತೆ. ಆ ಹೊತ್ತಲ್ಲಿ ಯಾವ ರೈತನೂ ಸೊಪ್ಪು ಹಾಕಲ್ಲ. ಹುಳ ಬೇಗ ದಪ್ಪ ಆಗಲಿ ಅಂತ ಜ್ವರದ ಹೊತ್ತಲ್ಲಿ ಸೊಪ್ಪು ಸುರಿಯೋನು ಬೆಳೆ ಕಳ್ಕೊಳ್ತಾನೆ. ಜ್ವರ ಎದ್ದ ಮೇಲೆ, ಮುಖ್ಯವಾಗಿ ನಾಲ್ಕನೇ ಜ್ವರ ಎದ್ದ ಮೇಲೆ, ಹುಳ ತಿನ್ನೋ ಅಬ್ಬರ ನೋಡಬೇಕು. ಇಡೀ ಬೆಳೆಯ ಸೊಪ್ಪಿನ ದೊಡ್ಡ ಪಾಲು ಆ ಕೊನೇ ಹಂತದಲ್ಲೇ ಖಾಲಿಯಾಗೋದು.

ಹೈಜಂಪ್ ಮಾಡೋ ಕಾಲೂ ಹೀಗೇ ಬೆಳೆಯುತ್ತೆ. ವ್ಯಾಯಾಮ ಮಾಡೋವಾಗ ಕಾಲು ಬಲ ಆಗಲ್ಲ, ಸವೆಯುತ್ತೆ. ಬಲ ಬರೋದು ಆಮೇಲೆ, ಊಟ ನಿದ್ದೆ ಸಿಕ್ಕಿ, ಸವೆದದ್ದು ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ ಕಟ್ಟಿಕೊಂಡಾಗ. ಅದು ಕಟ್ಟಿಕೊಳ್ಳೋಕೆ ಮುಂಚೆಯೇ ಮತ್ತೆ ಸವೆಸಿದ್ರೆ ಪ್ರತಿ ದಿನ ಸಾಲದ ಲೆಕ್ಕ ಏರುತ್ತಾ ಹೋಗುತ್ತೆ.

ಹೈಜಂಪ್‌ನಲ್ಲಿ ಈ ಸಾಲ ಬೇಗ ಏರೋಕೆ ಕಾರಣ ಇದೆ. ಟೇಕಾಫ್ ಪಾದ ನೆಲದ ಮೇಲೆ ಇರೋದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಕಮ್ಮಿ ಹೊತ್ತು. ಅಷ್ಟರಲ್ಲಿ ಓಡಿಬಂದ ದೇಹವನ್ನ ಒಂದೇ ಕಾಲು ತಡೆದು ಮೇಲಕ್ಕೆ ತಿರುಗಿಸಬೇಕು. ಒಳ್ಳೆ ಜಿಗಿತಗಾರರಲ್ಲಿ ಆ ಕಾಲಿನ ಮೇಲೆ ದೇಹದ ತೂಕದ ಐದು ಪಟ್ಟಿಗೂ ಮೀರಿ ಭಾರ ಬೀಳುತ್ತೆ. 70 ಕೆಜಿ ಹುಡುಗ ಅಂದ್ರೆ 350 ಕೆಜಿಗಿಂತ ಹೆಚ್ಚು, ಒಂದೇ ಕಾಲಿನ ಮೇಲೆ. ಒಂದು ಸಂಜೆಗೆ ಮೂವತ್ತು ನಲವತ್ತು ಸಲ ಹಾರಿಸಿ, ಮಾರನೇ ದಿನ ಮತ್ತೆ ಹಾರಿಸಿದ್ರೆ ಏನಾಗುತ್ತೆ? ಮೆಕ್ಯಾನಿಕಲ್‌ನವರಿಗೆ ಬಿಡಿಸಿ ಹೇಳೋದು ಬೇಡ, ಫಟೀಗ್ ಅಂತ ಒಂದು ಚಾಪ್ಟರ್ರೇ ಇದೆ. ಒಂದು ಸಲಕ್ಕೆ ಮುರಿಯದ ಲೋಹ ಸಾವಿರ ಸಲಕ್ಕೆ ಮುರಿಯುತ್ತೆ. ವ್ಯತ್ಯಾಸ ಒಂದೇ, ಲೋಹ ತಾನಾಗೇ ರಿಪೇರಿ ಆಗಲ್ಲ, ಕಾಲು ಆಗುತ್ತೆ. ಆದರೆ ಅದಕ್ಕೆ ಟೈಮ್ ಕೊಡಬೇಕು. ಮಂಡಿಚಿಪ್ಪಿನ ಕೆಳಗಿನ ಟೆಂಡನ್‌ಗೆ ಬರೋ ನೋವಿಗೆ ಕ್ರೀಡಾ ವೈದ್ಯರು "ಜಂಪರ್ಸ್ ನೀ" ಅಂತಲೇ ಹೆಸರಿಟ್ಟಿದ್ದಾರೆ. ಮಾಂಸಖಂಡಕ್ಕಿಂತ ಟೆಂಡನ್ ನಿಧಾನಕ್ಕೆ ಬಲ ಆಗುತ್ತೆ, ನಿಧಾನಕ್ಕೇ ವಾಸಿ ಆಗುತ್ತೆ.

ನಮ್ಮ ಕಡೆಯ ಒಬ್ಬ ಜೂನಿಯರ್ ಇದ್ದ. ಪಿಯುಸಿಯಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿ ಬಂದವನು. ಫಸ್ಟ್ ಇಯರ್‌ನಲ್ಲಿ ಇದೇ ಹದಿನೈದು ದಿನದ ಅಬ್ಬರಕ್ಕೆ ಸಿಕ್ಕಿದ. ಮಂಡಿ ನೋವು ಅಂದಾಗ "ಸ್ಪ್ರೇ ಹೊಡ್ಕೊಂಡು ಹಾರು" ಅಂದರು. ಹಾರಿದ. ಈಗ ಅವನು ಮೂರನೇ ಮಹಡಿಯ ಲ್ಯಾಬಿಗೆ ಮೆಟ್ಟಿಲು ಹತ್ತೋವಾಗ ಕಂಬಿ ಹಿಡ್ಕೊಳ್ತಾನೆ. ಹೈಜಂಪ್ ಬಗ್ಗೆ ಕೇಳಿದ್ರೆ "ಬಿಡಣ್ಣ, ಅದೆಲ್ಲ ಸ್ಕೂಲಲ್ಲಿ" ಅಂತ ನಗ್ತಾನೆ. ಕಾಲೇಜಿಗೆ ಒಂದು ಪದಕ ಹೋಯ್ತು ಅನ್ನೋದಲ್ಲ ಇಲ್ಲಿ ವಿಷಯ. ಹತ್ತೊಂಬತ್ತು ವರ್ಷಕ್ಕೆ ಒಬ್ಬ ಹುಡುಗ ತನಗೆ ಇಷ್ಟವಾದದ್ದನ್ನ ಬಿಟ್ಟ, ಅದೂ ತಡೆಯಬಹುದಾಗಿದ್ದ ಕಾರಣಕ್ಕೆ.

ಎಂಟು ಸೆಂಟಿಮೀಟರ್‌ನ ಲೆಕ್ಕ

ಹದಿನೈದು ದಿನದಲ್ಲಿ ಯಾಕೆ ಆಗಲ್ಲ ಅನ್ನೋದನ್ನ ಫಸ್ಟ್ ಇಯರ್ ಫಿಸಿಕ್ಸ್‌ನಲ್ಲೇ ನೋಡಬಹುದು. ನೆಲ ಬಿಟ್ಟ ಮೇಲೆ ನಿಮ್ಮ ಗುರುತ್ವ ಕೇಂದ್ರ ಎಷ್ಟು ಮೇಲೆ ಹೋಗುತ್ತೆ ಅನ್ನೋದು ಆ ಕ್ಷಣದ ಮೇಲ್ಮುಖ ವೇಗದಿಂದ ಆಗಲೇ ತೀರ್ಮಾನ ಆಗಿರುತ್ತೆ. ವೇಗದ ವರ್ಗ ಭಾಗಿಸು ಎರಡು ಜಿ. ಮೇಲ್ಮುಖ ವೇಗ ಸೆಕೆಂಡಿಗೆ 3.5 ಮೀಟರ್ ಇದ್ರೆ ಗುರುತ್ವ ಕೇಂದ್ರ ಸುಮಾರು 62 ಸೆಂ.ಮೀ. ಏರುತ್ತೆ. ಅದನ್ನೇ 3.7 ಮಾಡಿದ್ರೆ ಸುಮಾರು 70 ಸೆಂ.ಮೀ. ಬರೀ 0.2 ಹೆಚ್ಚಾದ್ರೆ 8 ಸೆಂಟಿಮೀಟರ್ ಹೆಚ್ಚು. ಕಾಲೇಜು ಕೂಟದಲ್ಲಿ ಪದಕ ಬರೋದಕ್ಕೂ ಬರದೇ ಇರೋದಕ್ಕೂ ಅಷ್ಟೇ ಅಂತರ ಸಾಕು.

ಆ 0.2 ಎಲ್ಲಿಂದ ಬರುತ್ತೆ? ಮೂರು ಕಡೆಯಿಂದ. ಒಂದು, ಕಾಲಿನ ಬಲ. ಅದು ವಾರಗಟ್ಟಲೆ ಮಾಡಿದ್ರೆ ಬರೋದು. ಎರಡು, ಓಡಿಬರೋ ವೇಗವನ್ನ ಕೊನೇ ಎರಡು ಹೆಜ್ಜೆಯಲ್ಲಿ ಕಳ್ಕೊಳ್ಳದೆ ಇರೋದು. ಮೂರು, ತಿರುವು. ಹೈಜಂಪ್ ರನ್ನಪ್ ಇಂಗ್ಲಿಷಿನ ಜೆ ಅಕ್ಷರದ ಥರ ಇರುತ್ತೆ. ಮೊದಲು ನೇರ, ಕೊನೇ ನಾಲ್ಕೈದು ಹೆಜ್ಜೆ ವಕ್ರ. ಎಂಟು ಮೀಟರ್ ತ್ರಿಜ್ಯದ ತಿರುವಿನಲ್ಲಿ ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಓಡಿದ್ರೆ ದೇಹ ಸುಮಾರು 25 ಡಿಗ್ರಿ ಒಳಗೆ ವಾಲಲೇಬೇಕು. ಬೈಕಲ್ಲಿ ತಿರುವು ತಗೊಳ್ಳೋವಾಗ ವಾಲ್ತೀವಲ್ಲ, ಅದೇ ಲೆಕ್ಕ. ಹಾಗೆ ಬಾರ್‌ಗೆ ವಿರುದ್ಧ ದಿಕ್ಕಿಗೆ ವಾಲಿದ ದೇಹ ಟೇಕಾಫ್ ಹೊತ್ತಿಗೆ ನೆಟ್ಟಗಾಗೋದ್ರಿಂದಲೇ ಮೇಲೆ ಏರೋಕೆ ಹೆಚ್ಚು ದಾರಿ ಸಿಗೋದು, ಬಾರ್ ಮೇಲೆ ತಿರುಗೋಕೆ ಬೇಕಾದ ಸುತ್ತೂ ಸಿಗೋದು. ನಮ್ಮ ಹುಡುಗರಲ್ಲಿ ಹೆಚ್ಚಿನವರು ತಿರುವಲ್ಲಿ ವಾಲೋದೇ ಇಲ್ಲ. ಬಾರ್ ಕಡೆಗೇ ಭುಜ ಬಾಗಿಸಿ ಅದರ ಮೇಲೆ ಬಿದ್ದುಬಿಡ್ತಾರೆ. ಇದನ್ನ ತಿದ್ದೋಕೆ ಬಾರೇ ಬೇಡ. ನೆಲದ ಮೇಲೆ ಸುಣ್ಣದಲ್ಲಿ ಒಂದು ವೃತ್ತ ಎಳೆದು ಅದರ ಮೇಲೆ ಓಡಿಸಿದ್ರೆ ಸಾಕು. ಆದರೆ ಹದಿನೈದು ದಿನ ಮಾತ್ರ ಇದ್ದಾಗ ಬಾರ್ ಇಲ್ಲದೆ ಓಡಿಸೋ ತಾಳ್ಮೆ ಯಾರಿಗಿರುತ್ತೆ?

ಲೆಕ್ಕದ ಮಾತು ಬಂದಾಗ ನಮ್ಮವರೇ ಒಬ್ಬರನ್ನ ನೆನೆಸ್ಕೋಬೇಕು. ಇವತ್ತು ಎಲ್ಲರೂ ಬೆನ್ನು ಕೆಳಗೆ ಮಾಡಿ ಹಾರೋ ಫಾಸ್ಬರಿ ಫ್ಲಾಪ್ ಇದೆಯಲ್ಲ, ಅದಕ್ಕೆ ಹೆಸರು ಕೊಟ್ಟ ಡಿಕ್ ಫಾಸ್ಬರಿ ಅಮೆರಿಕದ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ 2.24 ಮೀಟರ್ ಹಾರಿ ಚಿನ್ನ ಗೆದ್ದರು, ಆಮೇಲೆ ಎಂಜಿನಿಯರ್ ಆಗಿಯೇ ಕೆಲಸ ಮಾಡಿದರು. ಆ ಶೈಲಿ ಒಂದು ದಿನ ಕನಸಲ್ಲಿ ಬಂದದ್ದಲ್ಲ. ಹೈಸ್ಕೂಲಲ್ಲಿ ಹಳೇ ಸಿಸರ್ಸ್ ಶೈಲಿಯಿಂದ ಶುರುವಾಗಿ, ಸೊಂಟ ಸ್ವಲ್ಪ ಎತ್ತಿ, ಭುಜ ಸ್ವಲ್ಪ ಹಿಂದೆ ಹಾಕಿ, ವರ್ಷಗಟ್ಟಲೆ ತಿದ್ದಿ ತಿದ್ದಿ ಬಂದದ್ದು. ಅವರ ಕಾಲೇಜು ಕೋಚ್ ಬರ್ನಿ ವ್ಯಾಗ್ನರ್ ಮೊದಲು ಅವರನ್ನ ಆಗ ಚಾಲ್ತಿಯಲ್ಲಿದ್ದ ಶೈಲಿಗೇ ತಿರುಗಿಸೋಕೆ ನೋಡಿದರು. ಹುಡುಗ ತನ್ನ ರೀತಿಯಲ್ಲೇ ಹೆಚ್ಚು ಹಾರ್ತಿದ್ದಾನೆ ಅಂತ ಕಂಡ ಮೇಲೆ ಅದನ್ನ ಬಿಟ್ಟು, ಅವನ ರೀತಿಯನ್ನೇ ಒಪ್ಪಿಕೊಂಡರು. ನನಗೆ ಚಿನ್ನದ ಪದಕಕ್ಕಿಂತ ಇದು ದೊಡ್ಡದು ಅನ್ನಿಸುತ್ತೆ. ಕೋಚ್ ಅಂದ್ರೆ ಎಲ್ಲ ಗೊತ್ತಿರೋನು ಅಂತಲ್ಲ, ನೋಡಿ, ಅಳೆದು, ಅದರ ಪ್ರಕಾರ ಮನಸ್ಸು ಬದಲಾಯಿಸೋನು.

ಹನ್ನೆರಡು ವಾರ ಹೇಗಿರಬೇಕು

ಹಾಗಾದ್ರೆ ಏನು ಮಾಡಬೇಕು ಅಂತ ಕೇಳ್ತೀರ. ಕೋಚಿಂಗ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡಿರೋ ಕ್ರಮವನ್ನೇ ನಮ್ಮ ಸೆಮಿಸ್ಟರ್‌ಗೆ ಹೊಂದಿಸಿ ಬರೀತಿದೀನಿ.

ಮೊದಲ ನಾಲ್ಕು ವಾರ ಚಾಕಿ ಹಂತ ಅಂದ್ಕೊಳ್ಳಿ. ವಾರಕ್ಕೆ ಮೂರು ದಿನ. ಹಗ್ಗದಾಟ, ಓಟದ ಡ್ರಿಲ್‌ಗಳು, ಬಸ್ಕಿ, ಬೆಂಚ್ ಹತ್ತಿ ಇಳಿಯೋದು, ಹೊಟ್ಟೆ ಬೆನ್ನಿನ ವ್ಯಾಯಾಮ, ಮಣ್ಣಿನ ಅಥವಾ ಹುಲ್ಲಿನ ನೆಲದ ಮೇಲೆ ಸಣ್ಣ ಸಣ್ಣ ನೆಗೆತ. ಬಾರ್ ಬೇಕೇ ಬೇಕು ಅನ್ನಿಸಿದ್ರೆ ಸೊಂಟದ ಎತ್ತರಕ್ಕೆ ಇಟ್ಟು ಸಿಸರ್ಸ್. ಸಿಸರ್ಸ್ ಅಂದ್ರೆ ಚಿಕ್ಕ ಮಕ್ಕಳದ್ದು ಅಂತ ನಗಬೇಡಿ, ಟೇಕಾಫ್‌ನಲ್ಲಿ ನೆಟ್ಟಗೆ ನಿಲ್ಲೋದನ್ನ ಅದಕ್ಕಿಂತ ಚೆನ್ನಾಗಿ ಕಲಿಸೋದು ಇನ್ನೊಂದಿಲ್ಲ.

ಐದರಿಂದ ಎಂಟನೇ ವಾರ ಬಲ ಮತ್ತು ರನ್ನಪ್. ಜಿಮ್ ಇದ್ರೆ ತೂಕ ಹೊತ್ತು ಸ್ಕ್ವಾಟ್, ಇಲ್ಲದಿದ್ರೆ ಒಂದೇ ಕಾಲಲ್ಲಿ ಬಸ್ಕಿ. ಸುಣ್ಣದ ವೃತ್ತದ ಮೇಲೆ ಓಟ. ಟೇಪು ಹಿಡಿದು ಪ್ರತಿಯೊಬ್ಬರ ರನ್ನಪ್ ಅಳೆದು ಗುರುತು ಹಾಕೋದು. ಒಂಬತ್ತು ಹೆಜ್ಜೆ ಅಂದ್ರೆ ಒಂಬತ್ತೇ, ಒಂದು ದಿನ ಎಂಟು ಒಂದು ದಿನ ಹತ್ತು ಅಲ್ಲ. ನಾಲ್ಕೈದು ಹೆಜ್ಜೆಯಿಂದ ಮಾತ್ರ ಹಾರೋದು. ವಾರಕ್ಕೆ ಎರಡು ದಿನ ಜಿಗಿತ, ಒಂದು ದಿನಕ್ಕೆ ಹನ್ನೆರಡರಿಂದ ಹದಿನೈದು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಆ ಎರಡು ದಿನಗಳ ನಡುವೆ ಕಡೇಪಕ್ಷ 48 ಗಂಟೆ, ಆದರೆ 72.

ಒಂಬತ್ತರಿಂದ ಹನ್ನೊಂದನೇ ವಾರ ಪೂರ್ತಿ ರನ್ನಪ್. ಇಲ್ಲಿ ಜಿಗಿತದ ಸಂಖ್ಯೆ ಇನ್ನೂ ಕಮ್ಮಿ, ಎಂಟರಿಂದ ಹನ್ನೆರಡು. ಆದರೆ ಒಂದೊಂದೂ ಕೂಟದಲ್ಲಿ ಹಾರಿದ ಹಾಗೆ. ಒಂದು ಜಿಗಿತಕ್ಕೂ ಇನ್ನೊಂದಕ್ಕೂ ಮಧ್ಯೆ ಮೂರು ನಿಮಿಷ ಬಿಡುವು. ಕಾಲೇಜಲ್ಲಿ ನಾವು ಸಾಲಾಗಿ ನಿಂತು ಒಬ್ಬರ ಹಿಂದೊಬ್ಬರು ಹಾರ್ತೀವಲ್ಲ, ಅದು ಹೈಜಂಪ್ ಅಲ್ಲ, ಕಾರ್ಡಿಯೋ.

ಹನ್ನೆರಡನೇ ವಾರ, ಅಂದ್ರೆ ಕೂಟದ ವಾರ, ಕೆಲಸ ಅರ್ಧಕ್ಕೆ ಇಳಿಯಬೇಕು. ವೇಗ ಇಳಿಸೋದಲ್ಲ, ಪ್ರಮಾಣ ಇಳಿಸೋದು. ಕೊನೆಯ ಗಟ್ಟಿ ಜಿಗಿತ ಕೂಟಕ್ಕೆ ನಾಲ್ಕೈದು ದಿನ ಮುಂಚೆ ಮುಗೀಬೇಕು. ನಮ್ಮಲ್ಲಿ ನಡೆಯೋದು ಇದರ ಉಲ್ಟಾ. ಕೂಟದ ಹಿಂದಿನ ಸಂಜೆ "ಲಾಸ್ಟ್ ಒಂದು ಸಲ ಟ್ರೈ ಮಾಡಿಬಿಡಣ" ಅಂತ ಮ್ಯಾಕ್ಸಿಮಮ್ ಹಾರೋದು. ಪರೀಕ್ಷೆ ಹಿಂದಿನ ರಾತ್ರಿ ಓದೋ ಅಭ್ಯಾಸವನ್ನ ಮೈದಾನಕ್ಕೂ ತಗೊಂಡು ಹೋಗಿದೀವಿ. ಹಿಂದಿನ ರಾತ್ರಿ ಓದಿದ್ದು ತಲೇಲಿ ಒಂದು ದಿನವಾದರೂ ನಿಲ್ಲುತ್ತೆ, ಹಿಂದಿನ ದಿನ ಹಾರಿದ್ದು ಕಾಲಲ್ಲಿ ಬಲವಾಗಿ ನಿಲ್ಲಲ್ಲ, ಸುಸ್ತಾಗಿ ನಿಲ್ಲುತ್ತೆ.

"ಇಂಟರ್ನಲ್ಸ್ ಇದೆಯಲ್ಲ, ಹನ್ನೆರಡು ವಾರ ಹೇಗೆ ಸಾಧ್ಯ?" ಅನ್ನಬಹುದು. ಯೋಜನೆಯಲ್ಲಿ ಹೇಗೂ ಪ್ರತಿ ನಾಲ್ಕನೇ ವಾರಕ್ಕೆ ಒಂದು ಹಗುರ ವಾರ ಬೇಕು. ಆ ವಾರವನ್ನ ತಂದು ಇಂಟರ್ನಲ್ಸ್ ವಾರಕ್ಕೆ ಕೂರಿಸಿ. ಹುಳ ಜ್ವರಕ್ಕೆ ಕೂತಾಗಲೇ ನೀವೂ ಪುಸ್ತಕ ಹಿಡಿದು ಕೂತ ಹಾಗಾಯ್ತು. ಒಟ್ಟು ಲೆಕ್ಕ ಹಾಕಿದ್ರೆ ವಾರಕ್ಕೆ ನಾಲ್ಕೈದು ಗಂಟೆ. ಹಾಸ್ಟೆಲ್‌ನಲ್ಲಿ ರೀಲ್ಸ್ ನೋಡೋಕೆ ಇದಕ್ಕಿಂತ ಹೆಚ್ಚು ಹೋಗುತ್ತೆ, ಅದನ್ನ ಯಾರೂ ಪ್ರಶ್ನೆ ಮಾಡಲ್ಲ.

ಎಣಿಸೋನು ಒಬ್ಬ ಬೇಕು

ಪಿಟಿ ಸರ್ ಮೇಲೆ ಎಲ್ಲ ಹಾಕೋದು ಸುಲಭ. ಆದರೆ ನೋಡಿ, ಒಬ್ಬರೇ ಮನುಷ್ಯ ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಚೆಸ್, ಓಟ, ಎಸೆತ ಎಲ್ಲ ನೋಡಬೇಕು. ಹೈಜಂಪ್ ಮ್ಯಾಟ್ ಪಕ್ಕ ದಿನಾ ನಿಲ್ಲೋಕೆ ಅವರಿಂದ ಆಗಲ್ಲ. ನಿಲ್ಲಬೇಕಾದ್ದೂ ಇಲ್ಲ. ಯೋಜನೆ ಅವರು ಹಾಕಿಕೊಡಲಿ, ನೋಟ್‌ಬುಕ್ ನಾವು ಹಿಡಿಯೋಣ.

ನೋಟ್‌ಬುಕ್‌ನಲ್ಲಿ ಏನಿರಬೇಕು? ಇವತ್ತಿನ ಎಷ್ಟನೇ ಜಿಗಿತ, ಎತ್ತರ ಎಷ್ಟು, ರನ್ನಪ್ ಗುರುತು ಎಲ್ಲಿ, ಟೇಕಾಫ್ ಪಾದ ಬಾರ್‌ನಿಂದ ಎಷ್ಟು ದೂರ ಬಿತ್ತು, ಬಾರ್ ಬಿದ್ದಿದ್ರೆ ದೇಹದ ಯಾವ ಭಾಗ ತಾಗಿ ಬಿತ್ತು. ಈ ಕೊನೇದು ತುಂಬ ಮುಖ್ಯ. ಮೇಲೆ ಏರೋವಾಗಲೇ ತಾಗಿದ್ರೆ ಸಾಮಾನ್ಯವಾಗಿ ಟೇಕಾಫ್ ಬಾರ್‌ಗೆ ತೀರಾ ಹತ್ತಿರ ಆಗಿದೆ ಅಂತ. ಸೊಂಟ ಎಲ್ಲ ದಾಟಿ ಇಳಿಯೋವಾಗ ಹಿಮ್ಮಡಿಯೋ ಮೀನಖಂಡವೋ ತಾಗಿದ್ರೆ ಟೇಕಾಫ್ ದೂರ ಆಗಿರಬಹುದು, ಇಲ್ಲವೇ ಕಾಲು ಎತ್ತಿದ್ದು ತಡ. ಎರಡಕ್ಕೂ ನಾವು ಕೊಡೋ ಸಲಹೆ ಮಾತ್ರ ಒಂದೇ: "ಇನ್ನೂ ಜೋರಾಗಿ ಹಾರೋ!" ಅದು ಸಲಹೆ ಅಲ್ಲ, ಕೂಗು.

ಫೋನ್ ಎಲ್ಲರ ಹತ್ರ ಇದೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆದ್ರೆ 0.17 ಸೆಕೆಂಡಿನ ಟೇಕಾಫ್‌ಗೆ ಸುಮಾರು ನಲವತ್ತು ಚಿತ್ರ ಸಿಗುತ್ತೆ. ಮಾಮೂಲಿ 30 ಚಿತ್ರದ ವಿಡಿಯೋದಲ್ಲಿ ಸಿಗೋದು ಐದು. ಇನ್‌ಸ್ಟಾಗ್ರಾಂಗೆ ಹಾಕೋಕೆ ತೆಗೆಯೋ ಅದೇ ವಿಡಿಯೋ ಕೋಚಿಂಗ್‌ಗೂ ಆಗುತ್ತೆ, ಪಕ್ಕದಿಂದ ತೆಗೆದು, ಫೋನನ್ನ ಪ್ರತಿ ಸಲ ಒಂದೇ ಜಾಗದಲ್ಲಿ ಇಟ್ಟರೆ. ಹಾಗೇ ಒಂದು ದಿನಕ್ಕೆ ಒಂದೇ ತಪ್ಪು ತಿದ್ದೋದು. ತಿರುವು, ಕೈ, ಮಂಡಿ, ತಲೆ ಎಲ್ಲ ಒಟ್ಟಿಗೆ ಹೇಳಿದ್ರೆ ಓಡಿ ಬರೋನಿಗೆ ಯಾವುದೂ ನೆನಪಿರಲ್ಲ.

ಕೂಟದ ದಿನದ ಯೋಜನೆ

ಯೋಜನೆ ಅಂದ್ರೆ ಟ್ರೈನಿಂಗ್ ಅಷ್ಟೇ ಅಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎಫ್42 ವಿಭಾಗದ ಹೈಜಂಪ್‌ನಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಫಿಜಿಯ ಇಲಿಯೇಸಾ ಡೆಲಾನಾ ಹಾರಿದ್ದೂ 1.74 ಮೀಟರೇ. ಎತ್ತರ ಸಮ ಆದಾಗ ಆ ಎತ್ತರದಲ್ಲಿ ಯಾರು ಕಮ್ಮಿ ಪ್ರಯತ್ನದಲ್ಲಿ ದಾಟಿದರು, ಅದೂ ಸಮ ಆದ್ರೆ ಒಟ್ಟು ಯಾರು ಕಮ್ಮಿ ಸಲ ವಿಫಲರಾದರು ಅಂತ ನೋಡ್ತಾರೆ. ಅಂದ್ರೆ ಒಂದು ವಿಫಲ ಜಿಗಿತ ಪದಕದ ಬಣ್ಣ ಬದಲಾಯಿಸಬಹುದು. ಯಾವ ಎತ್ತರಕ್ಕೆ ಶುರು ಮಾಡಬೇಕು, ಯಾವುದನ್ನ ಬಿಟ್ಟು ಮುಂದಕ್ಕೆ ಹೋಗಬೇಕು ಅನ್ನೋದೆಲ್ಲ ಮೊದಲೇ ಕೂತು ಯೋಚನೆ ಮಾಡೋ ವಿಷಯ. ನಮ್ಮ ಹುಡುಗರು 1.30ರಿಂದಲೇ ಒಂದೂ ಬಿಡದೆ ಹಾರಿ, ತಮ್ಮ ನಿಜವಾದ ಎತ್ತರ ಬರೋ ಹೊತ್ತಿಗೆ ಸುಸ್ತಾಗಿರ್ತಾರೆ. ಗಿರೀಶ ಅವರ ಕೋಚ್ ಸತ್ಯನಾರಾಯಣ ಬೆಂಗಳೂರಿನವರು. 2016ರ ರಿಯೊದಲ್ಲಿ 1.89 ಮೀಟರ್ ಹಾರಿ ಚಿನ್ನ ಗೆದ್ದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ತರಬೇತಿ ಪಡೆದದ್ದೂ ಅವರ ಹತ್ರವೇ. ದೇಶಕ್ಕೆ ಹೈಜಂಪ್‌ನಲ್ಲಿ ಪ್ಯಾರಾಲಿಂಪಿಕ್ ಪದಕ ತಂದುಕೊಟ್ಟ ಕೋಚಿಂಗ್ ನಮ್ಮ ಪಕ್ಕದ ಊರಲ್ಲೇ ನಡೆದಿದೆ.

ಇನ್ನೊಂದು ಹೆಸರು ಸಹನಾ ಕುಮಾರಿ. ದಕ್ಷಿಣ ಕನ್ನಡದವರು. 2012ರ ಜೂನ್‌ನಲ್ಲಿ ಹೈದರಾಬಾದ್‌ನ ಕೂಟದಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಹತ್ತು ವರ್ಷ ದಾಟಿದ ಮೇಲೂ ಆ ದಾಖಲೆ ಅಲುಗಾಡಲಿಲ್ಲ. ಆಗಸ್ಟ್‌ನಲ್ಲಿ ಲಂಡನ್ನಿನ ಅರ್ಹತಾ ಸುತ್ತಿನಲ್ಲಿ ಅವರು ದಾಟಿದ್ದು 1.80. ಇದನ್ನ ಸೋಲು ಅಂತ ಬರೆಯೋಕೆ ನಾನು ತಯಾರಿಲ್ಲ. ಒಲಿಂಪಿಕ್ಸ್‌ವರೆಗೆ ಹೋದವರನ್ನ ಸೋತವರು ಅನ್ನೋಕೆ ಆಗುತ್ತಾ? ಇದರಿಂದ ಕಲಿಯೋದು ಬೇರೆ ಇದೆ. ಅರ್ಹತೆಗಾಗಿ ಒಂದು ಸಲ ಶಿಖರ ಮುಟ್ಟಿದ ದೇಹವನ್ನ ಆರೇಳು ವಾರದಲ್ಲಿ ಇನ್ನೊಂದು ಸಲ ಅಲ್ಲಿಗೇ ತರೋದು ಕೋಚಿಂಗ್‌ನಲ್ಲೇ ಕಷ್ಟದ ಕೆಲಸಗಳಲ್ಲಿ ಒಂದು. ದೇಶದ ಅತಿ ಎತ್ತರದ ಜಿಗಿತಗಾರ್ತಿಗೇ ಅದು ಕಷ್ಟ ಅಂದ್ರೆ, ಸೆಲೆಕ್ಷನ್ ದಿನ ಒಂದು ಸಲ ಮ್ಯಾಕ್ಸಿಮಮ್, ದಿನಾ ಸಂಜೆ ಒಂದು ಸಲ ಮ್ಯಾಕ್ಸಿಮಮ್ ಅಂತ ಹಾರಿಸಿ ಕೂಟದ ದಿನವೂ ಮ್ಯಾಕ್ಸಿಮಮ್ ಕೇಳೋ ನಾವು ಯಾವ ಲೆಕ್ಕದಲ್ಲಿ ಕೇಳ್ತಿದೀವಿ?

ಆದರೆ, ಆದರೆ ಅನ್ನೋರಿಗೆ

"ಹೈಜಂಪ್‌ಗೆ ಉದ್ದ ಇರಬೇಕು, ಅದು ಹುಟ್ಟಿನಿಂದ ಬರೋದು." ಉದ್ದ ಇದ್ರೆ ಅನುಕೂಲ, ನಿಜ. ಆದರೆ ಸ್ವೀಡನ್ನಿನ ಸ್ಟೆಫಾನ್ ಹೋಮ್ ಎತ್ತರ 1.81 ಮೀಟರ್. ನಮ್ಮ ಕ್ಲಾಸಲ್ಲೇ ಅಷ್ಟು ಉದ್ದದವರು ಸಿಗ್ತಾರೆ. ಅವರು 2005ರಲ್ಲಿ ಒಳಾಂಗಣದಲ್ಲಿ 2.40 ಮೀಟರ್ ಹಾರಿದರು, ತಮ್ಮ ತಲೆಗಿಂತ 59 ಸೆಂ.ಮೀ. ಮೇಲೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಕೋಚ್ ಯಾರು? ಅವರ ಅಪ್ಪ.

"ಓದ್ಕೊಂಡು ಇದೆಲ್ಲ ಆಗಲ್ಲ." ದೆಹಲಿಯ ತೇಜಸ್ವಿನ್ ಶಂಕರ್ ಅಮೆರಿಕದ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದ್ತಾ ಇರುವಾಗಲೇ 2018ರಲ್ಲಿ 2.29 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಅಲ್ಲಿನ ಸೌಲಭ್ಯ ನಮಗಿಲ್ಲ, ಒಪ್ಪಿದೆ. ಆದರೆ ಓದಿನ ಕ್ಯಾಲೆಂಡರು, ಕೂಟದ ಕ್ಯಾಲೆಂಡರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಯಾವ ಸೌಲಭ್ಯ ಬೇಕು?

"ಮ್ಯಾಟ್ ಇಲ್ಲ." ಇದು ಮಾತ್ರ ನಿಜವಾದ ಸಮಸ್ಯೆ. ಹರಿಯಾಣದ ಪೂಜಾ ಹಳ್ಳಿಯಲ್ಲಿ ಕಲಿಯೋಕೆ ಶುರು ಮಾಡಿದ್ದು ಬಿದಿರಿನ ಗಳ ಬಾರ್ ಮಾಡ್ಕೊಂಡು, ಒಣಹುಲ್ಲು ತುಂಬಿದ ಚೀಲಗಳ ಮೇಲೆ ಬಿದ್ದು. 2025ರಲ್ಲಿ 1.89 ಮೀಟರ್ ಹಾರಿ ಏಷ್ಯನ್ ಚಾಂಪಿಯನ್ ಆದರು. ಇದನ್ನ ಓದಿ ಯಾರೂ ಮ್ಯಾಟ್ ಬೇಡ ಅಂದ್ಕೋಬಾರದು. ಅಂತಾರಾಷ್ಟ್ರೀಯ ಕೂಟದ ಮ್ಯಾಟ್ 6 ಮೀಟರ್ ಉದ್ದ, 4 ಮೀಟರ್ ಅಗಲ, 0.7 ಮೀಟರ್ ದಪ್ಪ ಇರುತ್ತೆ, ಅದು ಸುಮ್ಮನೆ ಇಟ್ಟ ಅಳತೆ ಅಲ್ಲ. ಫ್ಲಾಪ್‌ನಲ್ಲಿ ಬೀಳೋದು ಬೆನ್ನ ಮೇಲೆ, ಕತ್ತಿನ ಪಕ್ಕದಲ್ಲೇ. ಮರಳಿನ ಮೇಲೋ ಎರಡು ಜಿಮ್ ಮ್ಯಾಟ್ ಜೋಡಿಸಿದ್ದರ ಮೇಲೋ ಫ್ಲಾಪ್ ಹಾರಿಸೋದನ್ನ ಕಾಲೇಜುಗಳು ಇವತ್ತೇ ನಿಲ್ಲಿಸಬೇಕು. ಸರಿಯಾದ ಮ್ಯಾಟ್ ಬರೋವರೆಗೆ ಸಿಸರ್ಸ್, ರನ್ನಪ್, ಬಲ. ಮೊದಲ ಎಂಟು ವಾರದ ಕೆಲಸಕ್ಕೆ ಅಷ್ಟೇ ಸಾಕು. ಆಮೇಲಿನದಕ್ಕೆ ಬೆಂಗಳೂರಿನ ಕಂಠೀರವದಂಥ ಮೈದಾನಕ್ಕೆ ವಾರಕ್ಕೊಂದು ದಿನ ಕಾಲೇಜು ಬಸ್ಸಲ್ಲಿ ಕಳಿಸೋ ವ್ಯವಸ್ಥೆ ಮಾಡಬಹುದು. ಟೆಕ್ ಫೆಸ್ಟ್‌ಗೆ ಬಸ್ ಸಿಗುತ್ತೆ, ಇದಕ್ಕೂ ಸಿಗಲಿ.

ಹುಡುಗಿಯರ ವಿಷಯ ಯಾರೂ ಎತ್ತೋದೇ ಇಲ್ಲ. ನೋಟಿಸ್‌ನಲ್ಲಿ "ಪುರುಷರು ಮತ್ತು ಮಹಿಳೆಯರು" ಅಂತ ಇರುತ್ತೆ, ಮೈದಾನದಲ್ಲಿ ಇರಲ್ಲ. ಸಂಜೆ ನಾಲ್ಕೂವರೆಗೆ ಶುರು ಮಾಡಿದ್ರೆ ಹಾಸ್ಟೆಲ್ ಗೇಟ್ ಹಾಕೋ ಹೊತ್ತಿಗೆ ಅವರು ವಾರ್ಮಪ್ ಮುಗಿಸಿರ್ತಾರೆ. ವಿಜಯಪುರ, ದೇವನಹಳ್ಳಿ, ಶಿಡ್ಲಘಟ್ಟದ ಕಡೆಯಿಂದ ಓಡಾಡೋರಿಗೆ ಕಾಲೇಜು ಬಸ್ ತಪ್ಪಿದ್ರೆ ಮನೆ ಸೇರೋ ಚಿಂತೆ. ಹದಿನೈದು ದಿನದ ತುರ್ತು ಪ್ರಾಕ್ಟೀಸಲ್ಲಿ ಇದಕ್ಕೆಲ್ಲ ಪರಿಹಾರ ಹುಡುಕೋಕೆ ಟೈಮೇ ಇರಲ್ಲ. ಹನ್ನೆರಡು ವಾರದ ವೇಳಾಪಟ್ಟಿ ಇದ್ರೆ ಬೆಳಗಿನ ಹೊತ್ತಿಗೆ ಇಡಬಹುದು, ವಾರ್ಡನ್ ಹತ್ರ ಒಂದೇ ಸಲ ಪರ್ಮಿಷನ್ ತಗೋಬಹುದು, ಮನೆಯಲ್ಲಿ ಅಪ್ಪ ಅಮ್ಮನಿಗೆ ಹಾಳೆ ತೋರಿಸಿ ಹೇಳಬಹುದು.

ನಾನು ಕೇಳ್ತಿರೋದು ಕೋಟಿ ರೂಪಾಯಿ ಸ್ಟೇಡಿಯಂ ಅಲ್ಲ. ಸೆಮಿಸ್ಟರ್ ಶುರುವಾದ ಮೊದಲ ವಾರದಲ್ಲೇ ಸೆಲೆಕ್ಷನ್. ಹನ್ನೆರಡು ವಾರದ ಹಾಳೆ ಅದೇ ನೋಟಿಸ್ ಬೋರ್ಡಿನಲ್ಲಿ. ಜಿಗಿತ ಎಣಿಸೋಕೆ ಸರದಿ ಮೇಲೆ ಒಬ್ಬ ವಿದ್ಯಾರ್ಥಿ, ಅವನು "ಸಾಕು" ಅಂದ್ರೆ ಸ್ಟಾರ್ ಜಂಪರ್ ಕೂಡ ಶೂ ಬಿಚ್ಚಬೇಕು. ನೋವು ಅಂದವರಿಗೆ ಸ್ಪ್ರೇ ಅಲ್ಲ, ರಜೆ. ಇಷ್ಟು ಮಾಡಿ ಒಂದು ವರ್ಷ ನೋಡೋಣ. ಪದಕ ಬರುತ್ತೆ ಅಂತ ಬರೆದುಕೊಡಲ್ಲ. ಶುರು ಮಾಡಿದ ಐದಾರು ಜನದಲ್ಲಿ ಐದಾರು ಜನವೂ ನೆಟ್ಟಗಿರೋ ಕಾಲಲ್ಲಿ ಕೂಟಕ್ಕೆ ಹೋಗ್ತಾರೆ, ಮೊದಲ ದಿನಕ್ಕಿಂತ ಎತ್ತರ ಹಾರ್ತಾರೆ ಅಂತ ಮಾತ್ರ ಹೇಳಬಲ್ಲೆ.

ಮುಂದಿನ ಸೆಮಿಸ್ಟರ್ ಮೊದಲ ಸೋಮವಾರ ಬೆಳಗ್ಗೆ ಆರು ಗಂಟೆಗೆ ಮೈದಾನದ ಹತ್ರ ಇರ್ತೀನಿ. ಅಳತೆ ಟೇಪು, ಸುಣ್ಣದ ಪುಡಿ ನನ್ನ ಜವಾಬ್ದಾರಿ. ನೋಟ್‌ಬುಕ್ ಒಂದು ನೀವು ತನ್ನಿ.